ಸರ್ವೈವಲ್ ಆಟಗಳಲ್ಲಿ ಹೊಸಬರಿಗೂ ದಾಳಿಕೋರರಿಗೂ ಬೇರೆ ಬೇರೆ ಸರ್ವರ್ ಬೇಕೇ?

ಕಲ್ಲುಪಂಜು (ಪ್ರಶ್ನೆ)

ಎರಡು ವರ್ಷಗಳಿಂದ ನಾನು ಒಂದು ಸರ್ವೈವಲ್ ಆಟದ ಸಮುದಾಯ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ಯಾವ ಆಟ ಎಂಬುದು ಈ ಚರ್ಚೆಗೆ ಮುಖ್ಯವಲ್ಲ. ಬರಿಗೈಯಲ್ಲಿ ಕಡಲ ದಡದಲ್ಲಿ ಕಣ್ಣು ಬಿಟ್ಟು, ಮರ ಕಡಿದು, ಕಲ್ಲು ಒಡೆದು, ಗುಡಿಸಲು ಕಟ್ಟಿ, ಕೊನೆಗೆ ಬಂದೂಕಿನವರೆಗೆ ಏರುವ ಆಟಗಳಲ್ಲಿ ಅದೂ ಒಂದು. ವಾರಾಂತ್ಯದಲ್ಲಿ ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ಆಡುತ್ತಾರೆ. ಎಲ್ಲವನ್ನೂ ಅಳಿಸಿ ಆಟವನ್ನು ಮೊದಲಿನಿಂದ ಶುರುಮಾಡುವ ವೈಪ್ ಆದ ದಿನ ಸರ್ವರ್ ತುಂಬಿ ತುಳುಕುತ್ತದೆ; ನಾಲ್ಕನೆಯ ದಿನಕ್ಕೆ ಅರ್ಧ ಖಾಲಿ; ಹತ್ತನೆಯ ದಿನಕ್ಕೆ ಎರಡು ಮೂರು ಕ್ಲ್ಯಾನ್‌ಗಳು (ಒಟ್ಟಾಗಿ ಆಡುವ ತಂಡಗಳು) ಮಾತ್ರ ಉಳಿದು ಒಬ್ಬರ ಗೋಡೆಗೆ ಇನ್ನೊಬ್ಬರು ರಾಕೆಟ್ ಹೊಡೆಯುತ್ತಿರುತ್ತಾರೆ. ನಡುವೆ ಕಾಣೆಯಾದವರಲ್ಲಿ ಹೆಚ್ಚಿನವರು ಹೊಸಬರು ಎಂಬುದು ಸರ್ವರ್ ಲಾಗ್ ನೋಡುವ ನನಗೆ ಚೆನ್ನಾಗಿ ಗೊತ್ತು.

ಕಳೆದ ವೈಪ್‌ನಲ್ಲಿ ನನ್ನ ಅತ್ತೆಯ ಮಗ ಮೊದಲ ಸಲ ಆಡಲು ಬಂದ. ಅವನ ಪಕ್ಕದಲ್ಲೇ ಕುಳಿತು, ಏನೂ ಹೇಳಿಕೊಡದೆ, ಸುಮ್ಮನೆ ನೋಡಬೇಕೆಂದು ನಿರ್ಧರಿಸಿದ್ದೆ. ಮೊದಲ ನಲವತ್ತು ನಿಮಿಷಗಳಲ್ಲಿ ಆರು ಸಲ ಸತ್ತ. ಒಮ್ಮೆ ಸೆಣಬು ಕೀಳಲು ಬಗ್ಗಿದ್ದಾಗ ಬೆನ್ನಿಗೆ ಬಾಣ ಬಿತ್ತು. ಇನ್ನೊಮ್ಮೆ ಮೈತುಂಬ ಕವಚ ತೊಟ್ಟ ಆಟಗಾರನೊಬ್ಬ ಎದುರಾದಾಗ ಇವನು ಮೈಕ್‌ನಲ್ಲಿ, "ನಾನು ಹೊಸಬ, ನನ್ನ ಹತ್ತಿರ ಏನೂ ಇಲ್ಲ" ಎಂದ. ಆ ಮನುಷ್ಯ ನಿಂತ, ಎರಡು ಬ್ಯಾಂಡೇಜ್ ನೆಲಕ್ಕೆ ಹಾಕಿದ, ಇವನು ಅದನ್ನು ಎತ್ತಿಕೊಳ್ಳುವವರೆಗೂ ಕಾದ, ಆಮೇಲೆ ತಲೆಗೆ ಗುಂಡು ಹೊಡೆದ. ಹೇಗೋ ರಾತ್ರಿಯ ಹೊತ್ತಿಗೆ ಒಂದು ಕೋಣೆಯ ಮರದ ಗುಡಿಸಲು ಎದ್ದಿತು. ಬಾಗಿಲಿಗೆ ಬೀಗ ಹಾಕಿ, ಒಳಗೇ ಮಲಗಿ ಲಾಗ್ ಔಟ್ ಆದ. ಬೆಳಿಗ್ಗೆ ಬಂದು ನೋಡಿದರೆ ಅವನು ಮತ್ತೆ ದಡದಲ್ಲಿದ್ದ, ಕೈಯಲ್ಲಿ ಕಲ್ಲು. ಹುಡುಕಿಕೊಂಡು ಗುಡಿಸಲಿಗೆ ಹೋದರೆ ಗೋಡೆಗಳೆಲ್ಲ ಹಾಗೇ ಇವೆ, ಬಾಗಿಲು ಮಾತ್ರ ಹೊಸದು, ಬೀಗ ಬೇರೆಯವರದು, ಬಾಗಿಲ ಪಕ್ಕದಲ್ಲಿ ಒಂದು ಮರದ ಫಲಕ: "ಮನೆ ಚೆನ್ನಾಗಿದೆ, ಧನ್ಯವಾದ." ಅವನು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ನಾನು ಕಲಿಯಬೇಕಾದದ್ದು ಏನು?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಆಟವನ್ನು ಅವನು ಅಂದೇ ಅನ್‌ಇನ್‌ಸ್ಟಾಲ್ ಮಾಡಿದ.

ಆದ್ದರಿಂದ ಎರಡನೆಯ ಸರ್ವರ್ ಒಂದನ್ನು ಬಾಡಿಗೆಗೆ ಪಡೆದು, ಐವತ್ತು ಗಂಟೆಗಿಂತ ಕಡಿಮೆ ಆಡಿದವರಿಗೆ ಮಾತ್ರ ಅಲ್ಲಿ ಪ್ರವೇಶ ಕೊಡಬೇಕೆಂದು ಯೋಚಿಸುತ್ತಿದ್ದೇನೆ. ಐವತ್ತು ಗಂಟೆ ದಾಟಿದವರು ತಾವಾಗಿಯೇ ಮುಖ್ಯ ಸರ್ವರ್‌ಗೆ ಬರಬೇಕಾಗುತ್ತದೆ. ಹೀಗೆ ಬೇರ್ಪಡಿಸುವುದು ತತ್ತ್ವದ ದೃಷ್ಟಿಯಿಂದ ಸರಿಯೇ, ಗೆರೆಯನ್ನು ಗಂಟೆಗಳ ಲೆಕ್ಕದಲ್ಲಿ ಎಳೆಯಬೇಕೇ ಅಥವಾ ನಡತೆಯ ಲೆಕ್ಕದಲ್ಲೇ, ಮುಖ್ಯವಾಗಿ ಇದನ್ನು ಮಾಡಿ ನೋಡಿದವರು ಯಾರಾದರೂ ಇಲ್ಲಿದ್ದಾರೆಯೇ ಎಂದು ತಿಳಿಯುವ ಆಸೆ.

ಹಳೆಗತ್ತಿ

ಬೇರ್ಪಡಿಸಬಾರದು ಎನ್ನುವ ಪಕ್ಷ ನನ್ನದು. ನಾನು ಆಡುವುದೂ ನೀವು ದೂರುತ್ತಿರುವ ದಾಳಿಕೋರರ ಕಡೆಯಿಂದಲೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಬ್ಯಾಂಡೇಜ್ ಕೊಟ್ಟು ಗುಂಡು ಹೊಡೆದವನು ನಾನಲ್ಲ, ಆದರೆ ಆ ಫಲಕ ಬರೆದಿಟ್ಟವನು ನಾನಾಗಿರಬಹುದಾಗಿತ್ತು.

ಈ ಪ್ರಕಾರದ ಆಟಗಳಿಗೆ ರುಚಿ ಬಂದದ್ದೇ ಎದುರಿಗೆ ಬರುವವನು ಮಿತ್ರನೋ ಶತ್ರುವೋ ತಿಳಿಯದ ಆ ಕೆಲವು ಕ್ಷಣಗಳಿಂದ. 2012ರಲ್ಲಿ ಡೀನ್ ಹಾಲ್ ಅವರು ಆರ್ಮಾ 2 ಆಟಕ್ಕೆ ಮಾಡಿದ ಡೇಝೀ ಎಂಬ ಮಾಡ್ (ಮಾರ್ಪಾಡು) ಅಷ್ಟು ಜನರನ್ನು ಸೆಳೆದದ್ದು ಅದರ ಜೋಂಬಿಗಳಿಂದಲ್ಲ. ಜೋಂಬಿಗಳು ಗೋಡೆಯೊಳಗಿಂದ ತೂರಿಬರುತ್ತಿದ್ದ ಕಾಲವದು. ಹಾಳುಬಿದ್ದ ಮನೆಯೊಂದರ ಮೆಟ್ಟಿಲ ಮೇಲೆ ಇನ್ನೊಬ್ಬ ಮನುಷ್ಯನ ಹೆಜ್ಜೆ ಸದ್ದು ಕೇಳಿ ಉಸಿರು ಬಿಗಿಹಿಡಿಯುವ ಅನುಭವ ಅದಕ್ಕೂ ಮೊದಲು ಬೇರೆ ಕಡೆ ಅಷ್ಟು ತೀವ್ರವಾಗಿ ಸಿಗುತ್ತಿರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ (ಪೂರ್ಣಗೊಳ್ಳುವ ಮೊದಲೇ ಮಾರಾಟಕ್ಕೆ) ಬಂದ ರಸ್ಟ್, 2015ರಲ್ಲಿ ಬಂದ ಆರ್ಕ್ ಇವೆಲ್ಲ ಅದೇ ಭಯವನ್ನು ಕಟ್ಟಡಗಳಿಗೂ ಸಾಕುಪ್ರಾಣಿಗಳಿಗೂ ವಿಸ್ತರಿಸಿದವು. ಆ ಭಯವನ್ನು ತೆಗೆದುಹಾಕಿದರೆ ಉಳಿಯುವುದು ಮರ ಕಡಿಯುವ ಕೆಲಸ.

ಹಿಂದೆ ಹೀಗೆ ಬೇರ್ಪಡಿಸಿದವರ ಕಥೆಯೂ ಇದೆ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಪಟ್ಟಣದ ಕಾವಲುಗಾರರ ಕಣ್ಣಳತೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಕೊಲೆಗಾರರು ಕಾದಿರುತ್ತಿದ್ದರು. ಹೊಸಬರ ದೂರು ಹೆಚ್ಚಾಗಿ, 2000ನೇ ಇಸವಿಯಲ್ಲಿ ಅದರ ನಿರ್ಮಾಪಕರು ಇಡೀ ಪ್ರಪಂಚವನ್ನೇ ನಕಲು ಮಾಡಿ ಎರಡಾಗಿಸಿದರು. ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲಲಾಗದ ಟ್ರಾಮೆಲ್ ಒಂದು, ಹಳೆಯ ಕಾನೂನೇ ಇರುವ ಫೆಲುಕ್ಕಾ ಇನ್ನೊಂದು. ಜನ ಗುಂಪುಗುಂಪಾಗಿ ಟ್ರಾಮೆಲ್‌ಗೆ ಹೊರಟರು. ಫೆಲುಕ್ಕಾ ಬಿಕೋ ಎನ್ನತೊಡಗಿತು. ಅಲ್ಲಿಗೆ ಮತ್ತೆ ಜನರನ್ನು ಎಳೆಯಲು ಹೆಚ್ಚು ಇಳುವರಿಯ ಆಮಿಷವನ್ನು ಆಮೇಲೆ ಒಡ್ಡಬೇಕಾಯಿತು. ತೋಳ ಮಾತ್ರ ಇರುವ ಕಾಡಿನಲ್ಲಿ ತೋಳವೂ ಬಾಳದು. ನಿಮ್ಮ ಮುಖ್ಯ ಸರ್ವರ್‌ಗೆ ಆಗುವುದೂ ಅದೇ.

ಇನ್ನೊಂದು ಮಾತು. ಬಾಹ್ಯಾಕಾಶದಲ್ಲಿ ಹಡಗು ನಡೆಸುವ ಆಟವಾದ ಈವ್ ಆನ್‌ಲೈನ್‌ನ ತಯಾರಕರು 2015ರ ತಮ್ಮ ವಾರ್ಷಿಕ ಸಮಾವೇಶದಲ್ಲಿ ಹೊಸ ಆಟಗಾರರ ಅಂಕಿಅಂಶಗಳನ್ನು ಮುಂದಿಟ್ಟಾಗ ಅನೇಕರಿಗೆ ಅಚ್ಚರಿಯಾಯಿತು. ಆರಂಭದ ದಿನಗಳಲ್ಲಿ ಬೇರೆ ಆಟಗಾರರಿಂದ ಸತ್ತವರೇ, ಯಾರ ಕೈಗೂ ಸಿಗದೆ ಉಳಿದವರಿಗಿಂತ, ಆಟದಲ್ಲಿ ಹೆಚ್ಚಾಗಿ ಮುಂದುವರಿದಿದ್ದರು. ಸಾವು ಆಟಗಾರನನ್ನು ಓಡಿಸುತ್ತದೆ ಎನ್ನುವುದು ನಾವು ಪರೀಕ್ಷಿಸದೆ ನಂಬಿಕೊಂಡು ಬಂದ ಮಾತು.

ಮೂರನೇಪಾಳಿ

ಹಳೆಗತ್ತಿಯವರ ಕೊನೆಯ ಉದಾಹರಣೆಯನ್ನು ನಾನೂ ಬಲ್ಲೆ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ನಿಲ್ಲುವುದಿಲ್ಲ. ಹಡಗನ್ನು ನಿಲ್ದಾಣದಿಂದ ಹೊರಗೆ ತಂದು, ಅಪರಿಚಿತ ಪ್ರದೇಶಕ್ಕೆ ನುಗ್ಗಿ, ಇತರರೊಡನೆ ಬೆರೆಯುವ ಉತ್ಸಾಹ ಇದ್ದವರೇ ಸಾಯುವ ಸಂಭವವೂ ಹೆಚ್ಚು, ಉಳಿಯುವ ಸಂಭವವೂ ಹೆಚ್ಚು. ಮೂಲೆಯಲ್ಲಿ ಒಬ್ಬರೇ ಕಲ್ಲು ಅಗೆದು ಬೇಸತ್ತವರನ್ನು ಯಾರೂ ಕೊಲ್ಲಲಿಲ್ಲ, ಅವರು ಉಳಿಯಲೂ ಇಲ್ಲ. ಸತ್ತದ್ದರಿಂದಲೇ ಉಳಿದರು ಎಂದು ಇದರಿಂದ ಹೇಳಲಾಗದು. ಜೊತೆಗೆ, ಈವ್‌ನಲ್ಲಿ ಹೊಸಬರು ಹುಟ್ಟುವ ನಕ್ಷತ್ರವ್ಯೂಹಗಳಲ್ಲಿ ಅವರಿಗೆ ಕಿರುಕುಳ ಕೊಡುವುದು ನಿಯಮದಿಂದಲೇ ನಿಷಿದ್ಧ ಎಂಬುದನ್ನೂ ಹೇಳಬೇಕಾಗಿತ್ತು. ಅಷ್ಟು ಕಠಿಣ ಎಂದು ಹೆಸರಾದ ಆಟವೇ ತೊಟ್ಟಿಲಿಗೊಂದು ಬೇಲಿ ಹಾಕಿಕೊಂಡಿದೆ.

ಹಾಗೆಂದು ಪ್ರಶ್ನೆ ಕೇಳಿದವರ ಯೋಜನೆ ಸರಿ ಎನ್ನಲೂ ನನಗೆ ಬಾಯಿ ಬರುವುದಿಲ್ಲ, ಏಕೆಂದರೆ ಅದನ್ನೇ ನಾವು ಮಾಡಿ ನೋಡಿದ್ದೇವೆ. ನಾವು ಮೂವರು ಗೆಳೆಯರು ಸೇರಿ ನಡೆಸಿದ ಹೊಸಬರ ಸರ್ವರ್ ಒಟ್ಟು ಐದು ವೈಪ್ ಬಾಳಿತು. ಮಿತಿ ನಲವತ್ತು ಗಂಟೆ.

ಮೊದಲ ವಾರ ಸ್ವರ್ಗ. ಚಾಟ್‌ನಲ್ಲಿ "ಕುಲುಮೆಗೆ ಏನು ಹಾಕಬೇಕು?" ಎಂದು ಒಬ್ಬರು ಕೇಳಿದರೆ ನಾಲ್ವರು ಉತ್ತರಿಸುತ್ತಿದ್ದರು. ಎರಡನೆಯ ವೈಪ್‌ನ ಮೂರನೆಯ ದಿನ, ಆರು ಗಂಟೆ ಮಾತ್ರ ಆಡಿದ್ದ ಖಾತೆಯೊಂದು ಬಿಲ್ಲು ಹಿಡಿದು ಅರವತ್ತು ಮೀಟರ್ ದೂರದಿಂದ ಓಡುತ್ತಿರುವವರ ತಲೆಗೆ ಸತತವಾಗಿ ಬಾಣ ಹೊಡೆಯುತ್ತಿರುವುದು ಕಂಡಿತು. ಆರು ಗಂಟೆಯಲ್ಲಿ ಯಾರಿಗೂ ಬರುವ ಕೈ ಅದಲ್ಲ. ಹೊಸ ಖಾತೆ ಕೊಂಡು ಕೆಳಗಿಳಿದು ಬಂದ ಹಳಬ, ಆಟದ ಭಾಷೆಯಲ್ಲಿ ಸ್ಮರ್ಫ್, ಅದು. ಆಟ ರಿಯಾಯಿತಿ ದರದಲ್ಲಿ ಸಿಗುವ ವಾರಗಳಲ್ಲಿ ಅಂಥವರು ಸಾಲುಗಟ್ಟಿ ಬಂದರು. ಬೇಲಿ ಹಾಕಿದ್ದು ಕುರಿಗಳಿಗಾಗಿ. ಆದರೆ ಕುರಿಗಳೆಲ್ಲ ಒಂದೇ ಕಡೆ ಇವೆ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತು. ಪ್ರತಿ ಸಂಜೆ ಲಾಗ್ ಹಿಡಿದು, ಇವನು ನಿಜವಾದ ಹೊಸಬನೋ ವೇಷದವನೋ ಎಂದು ತೀರ್ಪು ಕೊಡುವುದೇ ನಮ್ಮ ಕೆಲಸವಾಯಿತು. ಒಮ್ಮೆ ಬೇರೆ ಶೂಟಿಂಗ್ ಆಟಗಳಲ್ಲಿ ಪಳಗಿದ್ದ ಪ್ರಾಮಾಣಿಕ ಹೊಸಬಳೊಬ್ಬಳನ್ನು ನಾನೇ ಬ್ಯಾನ್ ಮಾಡಿದೆ. ಅವಳು ಕಳಿಸಿದ ಸಂದೇಶ ಓದಿ ಈಗಲೂ ನಾಚಿಕೆಯಾಗುತ್ತದೆ.

ಅದಕ್ಕಿಂತ ದೊಡ್ಡ ಪಾಠ ಬೇರೆ. ಸ್ಮರ್ಫ್‌ಗಳನ್ನೆಲ್ಲ ತೆಗೆದ ಮೇಲೂ ದಾಳಿ ನಿಲ್ಲಲಿಲ್ಲ. ಮೂವತ್ತು ಗಂಟೆ ಆಡಿದವರು ಮೂರು ಗಂಟೆ ಆಡಿದವರ ಗುಡಿಸಲು ಮುರಿದರು. ತಾವು ಮೊದಲ ದಿನ ಅನುಭವಿಸಿದ್ದನ್ನೇ, ಅದೇ ಫಲಕದ ಸಮೇತ, ಹಿಂದಿರುಗಿಸಿದರು. ಪ್ರಶ್ನೆಯಲ್ಲಿ ಹೊಸಬರು ಮತ್ತು ಆಕ್ರಮಣಕಾರಿ ಆಟಗಾರರು ಎಂದು ಎರಡು ಗುಂಪು ಮಾಡಲಾಗಿದೆ, ಆದರೆ ಒಂದು ಅನುಭವದ ಅಳತೆ, ಇನ್ನೊಂದು ಅಭಿರುಚಿಯ ಅಳತೆ. ರಿಚರ್ಡ್ ಬಾರ್ಟಲ್ ಅವರು 1996ರಲ್ಲೇ, ಪಠ್ಯರೂಪದ ಆನ್‌ಲೈನ್ ಆಟಗಳ ಆಟಗಾರರನ್ನು ಸಾಧಕರು, ಅನ್ವೇಷಕರು, ಬೆರೆಯುವವರು, ಕೊಲ್ಲುವವರು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದಾಗ, ಅದರಲ್ಲಿ ಹಳಬ ಹೊಸಬ ಎನ್ನುವ ಮಾತೇ ಇರಲಿಲ್ಲ. ಸಾವಿರ ಗಂಟೆ ಆಡಿಯೂ ಒಬ್ಬರಿಗೂ ಕೇಡು ಮಾಡದೆ ಕೋಳಿಗೂಡು ಕಟ್ಟಿಕೊಂಡಿರುವವರು ನನ್ನ ಪರಿಚಯದಲ್ಲೇ ಇದ್ದಾರೆ. ಗಂಟೆಯ ಮಿತಿ ಹೊಸಬರಿಗೆ ನಿಜವಾಗಿ ನೆರವಾಗಬಲ್ಲ ಅಂಥವರನ್ನೇ ಮೊದಲು ಹೊರಗಿಟ್ಟಿತು. ಐದನೆಯ ವೈಪ್‌ನ ಹೊತ್ತಿಗೆ ಕುಲುಮೆಯ ಪ್ರಶ್ನೆಗೆ ಉತ್ತರಿಸುವವರೇ ಉಳಿದಿರಲಿಲ್ಲ.

ಮಿತಿ ದಾಟಿ ಮುಖ್ಯ ಸರ್ವರ್‌ಗೆ ಹೋದವರ ಗತಿ? ನಲವತ್ತೊಂದನೆಯ ಗಂಟೆಯಲ್ಲಿ ಅವರಿಗೆ ನಿಮ್ಮ ಅತ್ತೆಯ ಮಗನ ಮೊದಲ ದಿನವೇ ಎದುರಾಯಿತು.

ಇರುಳುಗೆಲಸ

ಚಿಕ್ಕ ಮಾತು. ನಾನು ಒಬ್ಬನೇ ಆಡುವವನು, ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು. ನನಗೆ ಎಂಟುನೂರು ಗಂಟೆಯ ಅನುಭವವಿದೆ, ಆದ್ದರಿಂದ ಯಾವ ಲೆಕ್ಕದಲ್ಲೂ ನಾನು ಹೊಸಬನಲ್ಲ, ಆದರೂ ಆ ಹುಡುಗನ ಸ್ಥಿತಿಗೂ ನನ್ನ ಸ್ಥಿತಿಗೂ ವ್ಯತ್ಯಾಸವಿಲ್ಲ. ಎದುರೆದುರು ನಿಂತು ಸತ್ತದ್ದಕ್ಕೆ ನಾನು ಎಂದೂ ಕೊರಗಿಲ್ಲ. ನಾನು ಕೆಲಸದಲ್ಲಿರುವಾಗ, ಆಟದೊಳಗೆ ನನ್ನ ದೇಹ ಮಲಗಿರುವಾಗ, ಐದು ಜನ ಬಂದು ಮೂರು ದಿನದ ದುಡಿಮೆಯನ್ನು ಹತ್ತು ನಿಮಿಷದಲ್ಲಿ ಹೊತ್ತೊಯ್ಯುವುದಿದೆಯಲ್ಲ, ಅದು ಸೋಲಲ್ಲ, ಏಕೆಂದರೆ ನಾನು ಆಡಿಯೇ ಇರಲಿಲ್ಲ.

ಕೋನನ್ ಎಕ್ಸೈಲ್ಸ್‌ನ ಅಧಿಕೃತ ಪಿವಿಪಿ (ಆಟಗಾರರು ಪರಸ್ಪರ ಹೋರಾಡುವ) ಸರ್ವರ್‌ಗಳಲ್ಲಿ ಕಟ್ಟಡಗಳನ್ನು ಒಡೆಯಲು ದಿನದ ಇಂತಿಷ್ಟು ಹೊತ್ತು ಎಂದು ಗೊತ್ತುಮಾಡಿದ್ದಾರೆ. ಆರ್ಕ್‌ನಲ್ಲಿ ಮಾಲೀಕರು ಲಾಗ್ ಔಟ್ ಆಗಿರುವಾಗ ಬೇಸ್‌ಗೆ (ಅವರು ಕಟ್ಟಿದ ನೆಲೆಗೆ) ರಕ್ಷಣೆ ಕೊಡುವ ಆಯ್ಕೆ ಸರ್ವರ್ ಸೆಟ್ಟಿಂಗ್‌ನಲ್ಲೇ ಇದೆ. ಜನರನ್ನು ಎರಡಾಗಿ ಒಡೆಯುವ ಮೊದಲು ಗಡಿಯಾರವನ್ನು ಒಡೆದು ನೋಡಿ ಎಂಬುದು ನನ್ನ ಕೋರಿಕೆ.

ಹಳೆಗತ್ತಿ

ರೈಡ್, ಅಂದರೆ ಬೇಸ್ ಮೇಲಿನ ದಾಳಿಗೆ ವೇಳೆ ನಿಗದಿಪಡಿಸುವುದಕ್ಕೆ ನನ್ನ ತಕರಾರಿಲ್ಲ. ಖಾಲಿ ಮನೆ ದೋಚುವುದರಲ್ಲಿ ನನಗೂ ಸುಖವಿಲ್ಲ. ಮಾಡುವುದು ಅದು ಸುಲಭ ಎಂಬ ಕಾರಣಕ್ಕೆ ಮತ್ತು ನಾವು ಮಾಡದಿದ್ದರೆ ಎದುರಿನ ಕ್ಲ್ಯಾನ್ ಮಾಡಿ ನಮಗಿಂತ ಮುಂದೆ ಹೋಗುತ್ತದೆ ಎಂಬ ಕಾರಣಕ್ಕೆ. ಲಾಗ್ ಔಟ್ ಆದ ಕೂಡಲೇ ರಕ್ಷಣೆ ಸಿಗುವ ವ್ಯವಸ್ಥೆಯ ಬಗ್ಗೆ ಮಾತ್ರ ಎಚ್ಚರ: ಬಾಗಿಲಿಗೆ ಮೊದಲ ಸ್ಫೋಟಕ ಅಂಟಿಸುತ್ತಿದ್ದಂತೆ ಒಳಗಿರುವವರೆಲ್ಲ ಒಟ್ಟಿಗೆ ಕೇಬಲ್ ಕಿತ್ತು ಹೋದದ್ದನ್ನು ನಾನು ಕಂಡಿದ್ದೇನೆ. ರಕ್ಷಣೆ ಶುರುವಾಗಲು ಒಂದಿಷ್ಟು ನಿಮಿಷಗಳ ವಿಳಂಬ ಇಡಲೇಬೇಕು.

ತಕ್ಕಡಿ

ಆಟಗಳ ವಿನ್ಯಾಸದ ಬಗ್ಗೆ ಆಸಕ್ತಿಯಿಂದ ಓದುವವನಾಗಿ, ಎಲ್ಲರೂ ಸುತ್ತ ಸುಳಿದಾಡಿದ ಒಂದು ಅಂಶವನ್ನು ಬಿಡಿಸಿ ಹೇಳಲು ಯತ್ನಿಸುತ್ತೇನೆ.

ಚದುರಂಗದಲ್ಲಿ ಹೊಸಬರನ್ನೂ ಪಳಗಿದವರನ್ನೂ ಬೇರ್ಪಡಿಸುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಆರ್ಪಾಡ್ ಎಲೋ ಅವರ ಹೆಸರಿನ ಅಂಕಪದ್ಧತಿ ಅದಕ್ಕಾಗಿಯೇ ಇದೆ. ಇಂದಿನ ಶೂಟಿಂಗ್ ಆಟಗಳಲ್ಲಿ ಸಮಬಲದವರನ್ನು ಎದುರುಬದುರು ಹಾಕುವ ಮ್ಯಾಚ್‌ಮೇಕಿಂಗ್ ವ್ಯವಸ್ಥೆಗಳು ಅದೇ ಹಾದಿಯಲ್ಲಿ ನಡೆದವು. ಸರ್ವೈವಲ್ ಆಟಕ್ಕೆ ಅದು ಏಕೆ ಒಗ್ಗುವುದಿಲ್ಲ? ಚದುರಂಗದ ಪ್ರತಿ ಆಟವೂ ಹದಿನಾರು ಕಾಯಿಗಳಿಂದ ಹೊಸದಾಗಿ ಆರಂಭವಾಗುತ್ತದೆ, ನಿನ್ನೆ ಗೆದ್ದವನಿಗೆ ಇವತ್ತು ಎರಡು ರಾಣಿ ಸಿಗುವುದಿಲ್ಲ. ಸರ್ವೈವಲ್ ಆಟದ ಸರ್ವರ್ ಹಾಗಲ್ಲ. ರಸ್ಟ್‌ನಲ್ಲಿ ತಿಂಗಳ ಮೊದಲ ಗುರುವಾರ ಎಲ್ಲ ಸರ್ವರ್‌ಗಳಿಗೂ ಕಡ್ಡಾಯ ವೈಪ್ ಬರುವವರೆಗೆ, ಗೆದ್ದವನ ಗೆಲುವು ಗೋಡೆಯಾಗಿ, ಬಂದೂಕಾಗಿ, ಸ್ಫೋಟಕವಾಗಿ ನಕ್ಷೆಯ ಮೇಲೆ ಬೆಳೆಯುತ್ತಲೇ ಇರುತ್ತದೆ. ಎಂಟನೆಯ ದಿನ ಬಂದವನು, ಅವನು ಎಷ್ಟೇ ಪಳಗಿದವನಾದರೂ, ಕಲ್ಲು ಹಿಡಿದು ರೈಫಲ್‌ಗೆ ಎದುರಾಗುತ್ತಾನೆ. ಅಂದರೆ ಇಲ್ಲಿ ಅಸಮಾನತೆ ಇರುವುದು ಕೈಚಳಕದಲ್ಲಿ ಸ್ವಲ್ಪ, ಸಂಗ್ರಹದಲ್ಲಿ ಬಹಳ, ಗುಂಪಿನ ಗಾತ್ರದಲ್ಲಿ ಇನ್ನೂ ಬಹಳ. ಆಡಿದ ಗಂಟೆಗಳನ್ನು ಎಣಿಸುವವರು ಈ ಮೂರರಲ್ಲಿ ಅತ್ಯಂತ ಚಿಕ್ಕದನ್ನು ಅಳೆಯುತ್ತಿದ್ದಾರೆ. ಮೂರನೇಪಾಳಿಯವರ ಸರ್ವರ್‌ನಲ್ಲಿ ಮೂವತ್ತು ಗಂಟೆಯವರು ಮೂರು ಗಂಟೆಯವರನ್ನು ತುಳಿದದ್ದು ಇದೇ ಕಾರಣಕ್ಕೆ. ದುಷ್ಟತನ ಬೇಕಾಗಿರಲಿಲ್ಲ, ನಾಲ್ಕು ದಿನ ಮೊದಲು ಬಂದಿದ್ದರೆ ಸಾಕಿತ್ತು.

ಆದ್ದರಿಂದ ಆಟಗಾರರನ್ನು ಬೇರ್ಪಡಿಸುವುದರ ಬದಲು ಪಣವನ್ನು ಬೇರ್ಪಡಿಸಬೇಕೆಂಬುದು ನನ್ನ ಅಭಿಪ್ರಾಯ. ಒಂದು ಸಾವಿಗೆ ಎಷ್ಟು ಕಳೆದುಕೊಳ್ಳಬೇಕು ಎಂಬುದು ಸ್ಥಳಕ್ಕೆ ಸ್ಥಳಕ್ಕೆ ಬದಲಾಗಲಿ.

ಈವ್ ಇದನ್ನು 2003ರಿಂದ ಮಾಡುತ್ತ ಬಂದಿದೆ. ಅಲ್ಲಿನ ಪ್ರತಿ ನಕ್ಷತ್ರವ್ಯೂಹಕ್ಕೂ ಒಂದು ಭದ್ರತಾ ಅಂಕವಿದೆ. ಹೆಚ್ಚು ಅಂಕದ ಕಡೆ ಅಕಾರಣ ದಾಳಿ ಮಾಡಿದವನ ಹಡಗನ್ನು ಕಾನ್ಕಾರ್ಡ್ ಎಂಬ ಪೊಲೀಸ್ ಪಡೆ ಬಂದು ನಾಶಮಾಡುತ್ತದೆ. ಗಮನಿಸಿ, ಅದು ದಾಳಿಯನ್ನು ತಡೆಯುವುದಿಲ್ಲ, ದಂಡ ಹಾಕುತ್ತದೆ ಅಷ್ಟೇ. ತನ್ನ ಅಗ್ಗದ ಹಡಗು ಹೋದರೂ ಪರವಾಗಿಲ್ಲ, ಎದುರಿನವನ ಸರಕಿನ ಬೆಲೆ ಅದಕ್ಕಿಂತ ಹೆಚ್ಚು ಎಂದು ಲೆಕ್ಕ ಹಾಕಿದವನು ಅಲ್ಲೂ ದಾಳಿ ಮಾಡುತ್ತಾನೆ. ಆದರೆ ಅಂಕ 1.0 ಇರುವಲ್ಲಿ ಪೊಲೀಸರು ಬೇಗ ಬರುತ್ತಾರೆ, 0.5ಕ್ಕೆ ಇಳಿದಂತೆ ತಡವಾಗುತ್ತಾರೆ, ಅದಕ್ಕಿಂತ ಕೆಳಗೆ ಬರುವುದೇ ಇಲ್ಲ. ಹೀಗೆ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಹೊಸಬ ತಾನು ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂಬುದನ್ನು ತಾನೇ ಆರಿಸಿಕೊಳ್ಳುತ್ತಾನೆ. ರಸ್ಟ್‌ನಲ್ಲೂ ಔಟ್‌ಪೋಸ್ಟ್, ಬ್ಯಾಂಡಿಟ್ ಕ್ಯಾಂಪ್ ಎಂಬ ಸುರಕ್ಷಿತ ತಾಣಗಳಿವೆ, ಅಲ್ಲಿ ಆಯುಧ ಎತ್ತಿದವನನ್ನು ಕಾವಲಿನವರೇ ಹೊಡೆಯುತ್ತಾರೆ. ಅದರ ಸಾಫ್ಟ್‌ಕೋರ್ ಬಗೆಯ ಸರ್ವರ್‌ಗಳಲ್ಲಂತೂ ಸತ್ತ ಮೇಲೆ ಕಳೆದುಕೊಂಡದ್ದರಲ್ಲಿ ಒಂದು ಭಾಗವನ್ನು ಸುರಕ್ಷಿತ ತಾಣಕ್ಕೆ ಹೋಗಿ ಹಿಂಪಡೆಯಬಹುದು.

ಎರಡೂ ಕಡೆಯನ್ನು ಪೂರ್ತಿ ಬೇರ್ಪಡಿಸಿದಾಗ ಏನಾಗುತ್ತದೆ ಎಂಬುದಕ್ಕೆ ಹಳೆಗತ್ತಿಯವರು ಕೊಟ್ಟ ಉದಾಹರಣೆಯ ಜೊತೆಗೆ ಫಾಲ್ಔಟ್ 76 ಅನ್ನೂ ನೋಡಬಹುದು. 2018ರಲ್ಲಿ ಬಂದ ಆ ಆಟದಲ್ಲಿ ಐದನೆಯ ಹಂತ ಮುಟ್ಟುವವರೆಗೆ ಇತರ ಆಟಗಾರರೊಂದಿಗೆ ಹೋರಾಟವೇ ಇರಲಿಲ್ಲ, ಆಮೇಲೂ ಎದುರಿನವನು ತಿರುಗಿ ಹೊಡೆಯುವವರೆಗೆ ಏಟಿನ ಪೆಟ್ಟು ತೀರ ಕಡಿಮೆ. ಹೋರಾಟ ಬೇಕೆನ್ನುವವರಿಗಾಗಿ 2019ರ ಮಾರ್ಚ್‌ನಲ್ಲಿ ಸರ್ವೈವಲ್ ಎಂಬ ಪ್ರತ್ಯೇಕ ವಿಧಾನ ತೆರೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಚ್ಚಿದರು.

ಆದರೆ ಟ್ರಾಮೆಲ್‌ನ ಕಥೆಯ ಇನ್ನೊಂದು ಅರ್ಧವನ್ನು ಹಳೆಗತ್ತಿಯವರು ಹೇಳಲಿಲ್ಲ. ಅಲ್ಟಿಮಾ ಆನ್‌ಲೈನ್ ಆ ವಿಭಜನೆಯಿಂದ ಸಾಯಲಿಲ್ಲ. ಅದರ ಚಂದಾದಾರರ ಸಂಖ್ಯೆ ತುತ್ತತುದಿ ಮುಟ್ಟಿದ್ದು, ಸುಮಾರು ಎರಡೂವರೆ ಲಕ್ಷಕ್ಕೆ ಏರಿದ್ದು, 2003ರಲ್ಲಿ, ಅಂದರೆ ವಿಭಜನೆಯಾಗಿ ಮೂರು ವರ್ಷಗಳ ನಂತರ. ಫೆಲುಕ್ಕಾ ಬರಿದಾದದ್ದು ನಿಜ. ಅಲ್ಲಿದ್ದವರಲ್ಲಿ ಬಹುಪಾಲು ಜನ ಬೇರೆ ದಾರಿಯಿಲ್ಲದೆ ಇದ್ದರು ಎಂಬುದೂ ಅದರಿಂದಲೇ ತಿಳಿಯುತ್ತದೆ. ಕುರಿಗಳು ತೋಳಕ್ಕೆ ಋಣಿಯಾಗಿರಬೇಕಿಲ್ಲ.

ಹಳೆಗತ್ತಿ

ಕೊನೆಯ ವಾಕ್ಯ ಚುಚ್ಚಿತು, ಒಪ್ಪಿಕೊಳ್ಳುತ್ತೇನೆ. ಆದರೂ ಸುರಕ್ಷಿತ ತಾಣ ಹೆಚ್ಚಾದಷ್ಟೂ ಅದರ ಬಾಗಿಲಲ್ಲೇ ಹೊಂಚು ಹಾಕುವವರು ಹೆಚ್ಚುತ್ತಾರೆ ಎಂಬುದನ್ನು ತಕ್ಕಡಿಯವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಔಟ್‌ಪೋಸ್ಟ್‌ನಿಂದ ಚೀಲ ತುಂಬಿಕೊಂಡು ಹೊರಬರುವವರನ್ನು ಎದುರಿನ ಗುಡ್ಡದ ಮೇಲೆ ಮಲಗಿ ಕಾಯುವುದು ನಮ್ಮ ಕ್ಲ್ಯಾನ್‌ನ ದಿನಚರಿಯಾಗಿತ್ತು. ಗೆರೆ ಎಲ್ಲಿ ಎಳೆದರೂ ಗೆರೆಯ ಆಚೆ ಒಂದು ಹೆಜ್ಜೆ ಇದ್ದೇ ಇರುತ್ತದೆ.

ಮೂರನೇಪಾಳಿ

ಹೊಂಚಿಗೆ ಔಷಧಿ ಗೆರೆಯ ಆಚೆ ಸಿಗುವ ಲಾಭವನ್ನು ಕಡಿಮೆ ಮಾಡುವುದು. ಸೀ ಆಫ್ ಥೀವ್ಸ್ ಎಂಬ ಕಡಲ್ಗಳ್ಳರ ಆಟ 2023ರ ಡಿಸೆಂಬರ್‌ನಲ್ಲಿ ತಂದ ಸುರಕ್ಷಿತ ಸಮುದ್ರದ ವ್ಯವಸ್ಥೆಯಲ್ಲಿ ಇದಕ್ಕೆ ಹತ್ತಿರದ ವಿಚಾರ ತಲೆಕೆಳಗಾಗಿ ಇದೆ. ಅಲ್ಲಿ ನಿಮ್ಮ ಹಡಗು ಬಿಟ್ಟರೆ ಬೇರೆ ಆಟಗಾರರ ಹಡಗೇ ಇರುವುದಿಲ್ಲ, ಅದಕ್ಕೆ ಬದಲಾಗಿ ಗಳಿಕೆಯನ್ನು ಆರಂಭದಲ್ಲಿ ಮಾಮೂಲಿನ 30 ಪ್ರತಿಶತಕ್ಕೆ ಇಳಿಸಿದ್ದರು, ಮೇಲಿನ ಹಂತಗಳಿಗೆ ಏರಲೂ ಬಿಡಲಿಲ್ಲ. ಕಲಿಯಲು ಬಂದವರು ಕಲಿತರು, ಸಂಪತ್ತು ಬೇಕಾದವರು ದೊಡ್ಡ ಸಮುದ್ರಕ್ಕೆ ಹೋದರು, ಯಾರ ಗಂಟೆಯನ್ನೂ ಯಾರೂ ಎಣಿಸಬೇಕಾಗಲಿಲ್ಲ. ಸ್ಮರ್ಫ್ ಅಲ್ಲಿಗೆ ಬಂದು ಏನು ಮಾಡಿಯಾನು? ನಮ್ಮ ಸರ್ವರ್ ನಡೆಸುತ್ತಿದ್ದಾಗ ಇದು ಹೊಳೆದಿದ್ದರೆ ಐದು ವೈಪ್‌ಗೆ ಕೈಚೆಲ್ಲುತ್ತಿರಲಿಲ್ಲ.

ಕಲ್ಲುಪಂಜು

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಐವತ್ತು ಗಂಟೆಯ ಮಿತಿಯ ಯೋಚನೆಯನ್ನು ಕೈಬಿಟ್ಟಿದ್ದೇನೆ. ಬ್ಯಾನ್ ಆದ ಆ ಹೊಸಬಳ ಪ್ರಸಂಗ ಓದಿದ ಮೇಲೆ ಅದನ್ನು ಸಮರ್ಥಿಸುವ ಧೈರ್ಯ ನನಗಿಲ್ಲ.

ಬಾಡಿಗೆಗೆ ಗೊತ್ತುಮಾಡಿದ್ದ ಎರಡನೆಯ ಸರ್ವರ್ ಅನ್ನು ಉಳಿಸಿಕೊಳ್ಳುತ್ತೇನೆ, ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಅಲ್ಲಿ ಆಟಗಾರರ ನಡುವೆ ಹೊಡೆತ ತಾಗುವುದಿಲ್ಲ, ಮರದಿಂದ ಕಲ್ಲಿನವರೆಗೆ ಮಾತ್ರ ಕಟ್ಟಬಹುದು, ಬಂದೂಕು ತಯಾರಾಗುವುದಿಲ್ಲ, ವಾರಕ್ಕೊಮ್ಮೆ ವೈಪ್. ಬೇಸರ ಬಂದವರು ತಾವಾಗಿಯೇ ಆಚೆ ಬರಲಿ ಎಂಬುದೇ ಅದರ ವಿನ್ಯಾಸ. ಮುಖ್ಯ ಸರ್ವರ್‌ನಲ್ಲಿ ರೈಡ್‌ಗೆ ಸಂಜೆ ಏಳರಿಂದ ರಾತ್ರಿ ಹನ್ನೊಂದು ಎಂದು ವೇಳೆ ಇಡುತ್ತೇನೆ, ಇರುಳುಗೆಲಸದವರಿಗೆ ಆ ಹೊತ್ತು ಹೊಂದುತ್ತದೆಯೋ ಇಲ್ಲವೋ ಅವರೇ ಹೇಳಬೇಕು. ಗುಂಪಿನ ಗಾತ್ರದ ಬಗ್ಗೆ ತಕ್ಕಡಿಯವರು ಹೇಳಿದ್ದು ನನಗೆ ಬಹಳ ಹಿಡಿಸಿತು, ಆದ್ದರಿಂದ ಕ್ಲ್ಯಾನ್‌ಗೆ ನಾಲ್ವರು ಎಂಬ ಮಿತಿ ಹಾಕಲಿದ್ದೇನೆ. ಹೆಸರಿಗೆ ಎರಡು ಕ್ಲ್ಯಾನ್ ಮಾಡಿಕೊಂಡು ಎಂಟು ಜನ ಒಟ್ಟಿಗೆ ತಿರುಗುವವರನ್ನು ಹೇಗೆ ಪತ್ತೆಹಚ್ಚುವುದು ಎಂಬುದು ಇನ್ನೂ ಬಗೆಹರಿದಿಲ್ಲ. ಒಬ್ಬರ ಬೇಸ್‌ನ ಬೀಗದ ಕೋಡ್ ಇನ್ನೊಬ್ಬರಿಗೆ ಹೇಗೆ ಗೊತ್ತಾಯಿತು ಎಂದು ಲಾಗ್‌ನಲ್ಲಿ ನೋಡುವುದೊಂದೇ ಈಗ ನನಗೆ ತೋಚುತ್ತಿರುವ ದಾರಿ.

ಹಳೆಗತ್ತಿ

ಬೀಗದ ಕೋಡ್ ನೋಡಿ ಪ್ರಯೋಜನವಿಲ್ಲ, ನಾವು ಬಾಗಿಲು ತೆರೆದೇ ಬಿಟ್ಟು ಒಳಗೆ ಬಿಟ್ಟುಕೊಳ್ಳುತ್ತಿದ್ದೆವು. ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಪರಸ್ಪರ ಒಂದು ಗುಂಡೂ ಹಾರಿಸದೆ ಅರ್ಧ ಗಂಟೆ ಕಳೆದ ಎರಡು ಕ್ಲ್ಯಾನ್‌ಗಳನ್ನು ಹುಡುಕಿ. ನಮ್ಮಂಥವರು ಸಿಕ್ಕಿಬೀಳುವುದು ಅಲ್ಲಿ.

ಮತ್ತೆ, ನಿಮ್ಮ ಅತ್ತೆಯ ಮಗ ಹಿಂದಿರುಗಿದರೆ ಮರದ ಬಾಗಿಲು ಇಡಬೇಡ ಎಂದು ಹೇಳಿ. ಅದು ಬೆಂಕಿಗೆ ಬೇಗ ಬೀಳುತ್ತದೆ. ಮೊದಲ ಲೋಹ ಸಿಕ್ಕಿದ ಕೂಡಲೇ ಬಾಗಿಲು ಬದಲಿಸಬೇಕು, ಗೋಡೆ ಆಮೇಲೆ.